ಗಂಡು ಮಾತ್ರ ಬಿರುಕು ಬಿಟ್ಟಿದೆ

ಫೆಬ್ರವರಿ ೧೭, ಸೋಮವಾರ

ಇವತ್ತು ಆಸ್ಪತ್ರೆಯಿಂದ ಮನೆಗೆ ಬಂದೆ. ಮನೆ ಎಂದರೆ ಅಕ್ಕನ ಮನೆಯ ಹಿಂಬದಿಯ ನನ್ನ ಕೋಣೆ. ಎಡಗಾಲಿಗೆ ಮಂಡಿಯಿಂದ ಹಿಮ್ಮಡಿಯವರೆಗೆ ಬ್ಯಾಂಡೇಜು. ಕೂತರೆ ಎಳೆಯುತ್ತದೆ, ನಿಂತರೆ ಉರಿಯುತ್ತದೆ. ಹೊತ್ತು ಹೋಗದ್ದಕ್ಕೆ ಬರೆಯಲು ಶುರುಮಾಡಿದ್ದೇನೆ. ಯಾರಿಗೂ ತೋರಿಸುವುದಕ್ಕಲ್ಲ. ಬಾಯಿಬಿಟ್ಟು ಹೇಳಿದರೆ ಮನೆ ಒಡೆಯುವಂಥ ಮಾತುಗಳು ನನ್ನ ಹತ್ತಿರ ಬೇಕಾದಷ್ಟಿವೆ.

ಅವತ್ತು ಸಿಗ್ನಲ್ಲಿನಲ್ಲಿ ನಿಂತಿದ್ದೆ. ಹಿಂದಿನ ಪೆಟ್ಟಿಗೆಯಲ್ಲಿ ಕ್ಲಿನಿಕ್ಕುಗಳಿಂದ ತಂದ ರಕ್ತದ ಸ್ಯಾಂಪಲ್ಲುಗಳು. ಅವನ್ನು ಬೈಕಿನಲ್ಲಿ ಲ್ಯಾಬಿಗೆ ಮುಟ್ಟಿಸುವುದೇ ನನ್ನ ಕೆಲಸ. ಪೆಟ್ರೋಲ್ ವಾಸನೆ ಬಂತು, ಮುಂದಿನ ಕಾರಿನದಿರಬೇಕು ಅಂದುಕೊಂಡೆ. ಕಾಲು ತಣ್ಣಗಾಯಿತು. ಯಾಕೆ ತಣ್ಣಗಾಯಿತು ಎಂದು ಬಗ್ಗಿ ನೋಡುವಷ್ಟರಲ್ಲಿ ಬೆಂಕಿ ಹತ್ತಿತ್ತು. ಬಸ್ಸಿನ ಡ್ರೈವರೊಬ್ಬ ಬೆಂಕಿ ಆರಿಸುವ ಸಿಲಿಂಡರ್ ಹೊತ್ತುಕೊಂಡು ಓಡಿಬಂದ. ಅವನ ಮುಖ ನೆನಪಿಲ್ಲ, ಅವನ ಚಪ್ಪಲಿ ನೆನಪಿದೆ.

ಮನೆಯಲ್ಲಿ ಪಂಡಿತನ ಉಪನ್ಯಾಸ ಕಾದಿತ್ತು. ಪಂಡಿತ ಎಂದರೆ ಅಕ್ಕನ ಗಂಡ, ನನ್ನ ಭಾವ. ಕನ್ನಡಕದ ಅಂಗಡಿ ಇಟ್ಟಿದ್ದಾನೆ, ಆದರೆ ಅವನಿಗೆ ಬಾರದ ವಿದ್ಯೆಯಿಲ್ಲ. ಅವನು ರಿಪೇರಿ ಮಾಡಿದ ಫ್ಯಾನು ಒಂದೇ ವೇಗದಲ್ಲಿ ತಿರುಗುತ್ತದೆ, ರಿಪೇರಿ ಮಾಡಿದ ನಲ್ಲಿ ತಿರುಗಿಸಲು ಇಕ್ಕಳ ಬೇಕು. ನೋಡಲು ಬಂದ ಪಕ್ಕದ ಮನೆಯವರಿಗೆ ಹೇಳುತ್ತಿದ್ದ: "ಗಾಡಿ ಓಡಿಸೋದು ಬೇರೆ, ಗಾಡಿ ಅರ್ಥ ಮಾಡ್ಕೊಳ್ಳೋದು ಬೇರೆ. ನಮ್ಮ ನಾದಿನಿ ಬಿಸಿಲಲ್ಲಿ ನಿಲ್ಲಿಸ್ತಾಳೆ, ಎಂಜಿನ್ ಎಳೆದಾಡ್ತಾಳೆ. ನಾನು ಎಷ್ಟು ಸಲ ಹೇಳಿಲ್ಲ?"

ಒಂದು ಸಲವೂ ಹೇಳಿಲ್ಲ.

ಫೆಬ್ರವರಿ ೧೯, ಬುಧವಾರ

ಸಿಕ್ಕಿತು.

ಅಕ್ಕ ಕೆಲಸಕ್ಕೆ ಹೋದಮೇಲೆ ಗೋಡೆ ಹಿಡಿದುಕೊಂಡು ಶೆಡ್ಡಿಗೆ ಹೋದೆ. ನನ್ನ ಬೈಕಿನ ಎಡಭಾಗ ಕರಿ ಹಿಡಿದು, ಟ್ಯಾಂಕಿನ ಬಣ್ಣ ಬೊಬ್ಬೆ ಎದ್ದು ನಿಂತಿದೆ. ಇಬ್ಬರದೂ ಎಡಗಾಲೇ ಹೋಗಿದೆ. ಸ್ಟೂಲಿನ ಮೇಲೆ ಕೂತು ಟ್ಯಾಂಕ್ ಬಿಚ್ಚಿದೆ.

ಟ್ಯಾಂಕಿನ ಅಡಿಯಲ್ಲಿ ಪೆಟ್ರೋಲಿನ ಪೈಪು ಎರಡು ತುಂಡಾಗಿರುತ್ತದೆ. ಒಂದರ ತುದಿಗೆ ಮುಂದೆ ಚಾಚಿದ ಮೂತಿ, ಇನ್ನೊಂದಕ್ಕೆ ಅದನ್ನು ಒಳಗೆ ತೆಗೆದುಕೊಳ್ಳುವ ಬಾಯಿ. ಮೂತಿಯದನ್ನು ಅಂಗಡಿಯವರು ಗಂಡು ಅನ್ನುತ್ತಾರೆ, ಬಾಯಿಯದನ್ನು ಹೆಣ್ಣು. ಕೂಡಿಸಿದರೆ ಟಿಕ್ ಅನ್ನುತ್ತದೆ, ಬಿಡಿಸಬೇಕಾದರೆ ಪಕ್ಕದ ಗುಂಡಿ ಒತ್ತಿ ಎಳೆಯಬೇಕು. ಎರಡೂ ಪ್ಲಾಸ್ಟಿಕ್ಕು. ಎಂಜಿನ್ನಿನ ಕಾವಿಗೆ ವರ್ಷಗಟ್ಟಲೆ ಬೆಂದು ಗಟ್ಟಿಯಾಗಿ, ಗುಂಡಿ ಒತ್ತದೆ ಎಳೆದರೆ ಗಂಡಿನ ಕುತ್ತಿಗೆ ಲಟಕ್ಕೆಂದು ಹೋಗುತ್ತದೆ.

ಬೆಂಕಿ ಬೇಗ ಆರಿದ್ದರಿಂದ ಎರಡೂ ಕರಗಿಲ್ಲ, ಆದರೆ ನನ್ನ ಗಾಡಿಯ ಗಂಡಿನ ಕುತ್ತಿಗೆ ಮುರಿದಿದೆ. ಮುರಿದ ಜಾಗದ ಸುತ್ತ ಗಾಜಿನಂತೆ ಹೊಳೆಯುವ, ಸ್ವಲ್ಪ ನೇರಳೆ ಬಣ್ಣದ ಅಂಟು. ಮೂಗಿನ ಮೇಲಿದ್ದ ಕನ್ನಡಕ ತೆಗೆದು ಹಿಡಿದೆ. ಹೋದ ವರ್ಷ ಇದರ ಕಾಲು ಮುರಿದಾಗ ಪಂಡಿತ ಹಚ್ಚಿದ ಅಂಟೂ ಅದೇ ನೇರಳೆ.

ಬೆಂಕಿ ಹತ್ತುವ ಮುಂಚಿನ ಭಾನುವಾರ "ಏರ್ ಫಿಲ್ಟರ್ ಕ್ಲೀನ್ ಮಾಡ್ಕೊಡ್ತೀನಿ ತಾಳು" ಎಂದು ಟ್ಯಾಂಕ್ ಎತ್ತಿದವನು ಅವನೇ. ಗುಂಡಿ ಒತ್ತದೆ ಎಳೆದಿದ್ದಾನೆ. ಮುರಿದಿದೆ. ಅಂಟು ಹಚ್ಚಿ, ಸೇರಿಸಿ, ಕೈ ತೊಳೆದುಕೊಂಡಿದ್ದಾನೆ. ಆಮೇಲೆ ಆಸ್ಪತ್ರೆಯ ವಾರ್ಡಿನಲ್ಲಿ ನಿಂತು ನನಗೆ ಬುದ್ಧಿ ಹೇಳಿದ್ದಾನೆ.

ನಿನ್ನನ್ನು ಬಿಡುವುದಿಲ್ಲ ಪಂಡಿತ.

ಫೆಬ್ರವರಿ ೨೩, ಭಾನುವಾರ

ನನಗೆ ಬೇಕಾಗಿರುವುದು ಒಂದೇ ವಾಕ್ಯ: ಅಂಟು ಹಾಕಿದ್ದು ನಾನು. ಅಕ್ಕನ ಮುಂದೆ, ಪಕ್ಕದ ಮನೆಯವರ ಮುಂದೆ, ತಲೆ ಬಗ್ಗಿಸಿ ಹೇಳಬೇಕು. ಅದಕ್ಕೆ ಒಂದು ಅವಕಾಶ ಕೊಟ್ಟು ನೋಡಿದೆ. ಊಟಕ್ಕೆ ಕೂತಾಗ ಮೆತ್ತಗೆ ಕೇಳಿದೆ.

"ಭಾವ, ಅವತ್ತು ನೀವು ಟ್ಯಾಂಕ್ ಎತ್ತಿದಾಗ ಪೈಪೆಲ್ಲ ಸರಿಯಾಗಿತ್ತಾ?"

"ಪೈಪಾ? ನಾನು ಪೈಪ್ ಮುಟ್ಟೇ ಇಲ್ಲಮ್ಮಾ. ಅಂಟು ಗಿಂಟು ಹಾಕೋ ಕೆಲಸ ಎಲ್ಲ ನಾನು ಮಾಡಲ್ಲ."

ಅಂಟಿನ ಮಾತು ಎತ್ತಿದವರು ಯಾರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ. ಅಕ್ಕನಿಗೆ ಹೊಳೆಯಲಿಲ್ಲ. "ಅವಳಿಗೆ ಇನ್ನೊಂಚೂರು ಬಡಿಸ್ರೀ, ರಕ್ತ ಬರ್ಲಿ" ಅಂದಳು. ಅವನು ಬಡಿಸಿದ.

ಅವಕಾಶ ಮುಗಿಯಿತು.

ಮಾರ್ಚ್ ೧, ಶನಿವಾರ

ದೇವರು ಕಣ್ಣು ಬಿಟ್ಟಿದ್ದಾನೆ.

ಪಂಡಿತನದೂ ನನ್ನಂಥದೇ ಬೈಕು. ನಾನು ಕೊಂಡೆನೆಂದು ಹೊಟ್ಟೆ ತಡೆಯದೆ ಅದೇ ವರ್ಷ ಅವನೂ ಕೊಂಡ. ಇವತ್ತು ಶೆಡ್ಡಿನಲ್ಲಿ ಅದರ ಅಡಿಯ ನೆಲದಲ್ಲಿ ಹಸಿ ಕಲೆ ಕಂಡಿತು. ಬಗ್ಗಿ, ಟ್ಯಾಂಕಿನ ಅಡಿ ಬೆರಳು ಹಾಕಿ ಮೂಸಿದೆ. ಪೆಟ್ರೋಲು. ಗಂಡಿನ ಕುತ್ತಿಗೆಯ ಸುತ್ತ ಕೂದಲೆಳೆಯ ಗೆರೆ, ಅದರಿಂದ ಬೆವರಿನ ಹಾಗೆ ಒಸರುತ್ತಿದೆ. ಇದೇ ಗಾಡಿಯಲ್ಲಿ ದಿನಾ ಅಂಗಡಿಗೆ ಹೋಗಿ ಬರುತ್ತಾನೆ.

ನಾನು ಒಂದು ಬೋಲ್ಟನ್ನೂ ಮುಟ್ಟುವುದಿಲ್ಲ. ಬಾಯಿ ಮಾತ್ರ ಬಿಡುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವನ ಕಾಲೂ ಒಂದು ಸಲ ತಣ್ಣಗಾಗಲಿ. ಆಸ್ಪತ್ರೆಗೆ ನಾನೇ ಹಣ್ಣು ತೆಗೆದುಕೊಂಡು ಹೋಗುತ್ತೇನೆ, ಪಕ್ಕದಲ್ಲಿ ಕೂತು ಗಾಡಿ ಅರ್ಥ ಮಾಡಿಕೊಳ್ಳುವುದು ಹೇಗೆ ಎಂದು ಹೇಳಿಕೊಡುತ್ತೇನೆ.

ಒಂದೇ ತೊಡಕು. ಬೆಳಿಗ್ಗೆ ಅಕ್ಕನೂ ಅದೇ ಗಾಡಿಯ ಹಿಂದೆ ಕೂತು ಹೊಲಿಗೆ ಕಾರ್ಖಾನೆಗೆ ಹೋಗುತ್ತಾಳೆ.

ಮಾರ್ಚ್ ೬, ಗುರುವಾರ

ಅಕ್ಕನನ್ನು ಆ ಗಾಡಿಯಿಂದ ಇಳಿಸಿದ್ದೇನೆ. ಡಾಕ್ಟರು ದಿನಾ ನಡೆಯಲು ಹೇಳಿದ್ದಾರೆ, ಒಬ್ಬಳೇ ಹೋದರೆ ಬಿದ್ದುಬಿಡುತ್ತೇನೆ, ನೀನು ಬಸ್ ಸ್ಟಾಪಿನವರೆಗೆ ಜೊತೆಗೆ ಬಾ, ಅಲ್ಲಿಂದ ಬಸ್ ಹತ್ತು. ಹೀಗೆ ನೆಪ ಹೇಳಿ ಒಪ್ಪಿಸಿದೆ. ಅಕ್ಕ ಪಾಪ, ನನ್ನ ತೋಳು ಹಿಡಿದು ಆಮೆಯ ಹಾಗೆ ನಡೆಯುತ್ತಾಳೆ. ಇಬ್ಬರೂ ಹೀಗೆ ಜೊತೆಯಾಗಿ ನಡೆದು ಎಷ್ಟು ಕಾಲವಾಗಿತ್ತೋ. ಕಾರ್ಖಾನೆಯ ಮ್ಯಾನೇಜರ್ ಕುರ್ಚಿಯಲ್ಲೇ ನಿದ್ದೆ ಮಾಡುವುದನ್ನು ಅಭಿನಯಿಸಿ ತೋರಿಸಿದಳು. ನಕ್ಕು ನಕ್ಕು ಗಾಯ ಎಳೆಯಿತು.

ವಾಪಸ್ಸು ಬರುವಾಗಲೂ ಬಸ್ಸಿನಲ್ಲೇ ಬಾ ಎಂದಿದ್ದಕ್ಕೆ ಹುಬ್ಬು ಗಂಟಿಕ್ಕಿದಳು.

"ಯಾಕೇ? ಸಂಜೆ ಅವರು ಬಂದು ಕರ್ಕೊಂಡು ಬರ್ತಾರಲ್ಲ."

"ಅವರ ಹಿಂದೆ ಕೂತ್ಕೋಬೇಡ ಅಕ್ಕ. ಸ್ವಲ್ಪ ದಿನ."

"ಅದೇ ಯಾಕೆ?"

"ಯಾಕೂ ಇಲ್ಲ. ನನ್ನ ಮೇಲೆ ಆಣೆ."

ಅವಳು ನನ್ನ ಮುಖವನ್ನೇ ನೋಡಿದಳು. ನನ್ನ ಕಾಲು ನೋಡಿ ಗಾಡಿ ಎಂದರೇ ಹೆದರಿದ್ದಾಳೆ ಅಂದುಕೊಂಡೆ.

ಮಾರ್ಚ್ ೧೩, ಗುರುವಾರ

ಲ್ಯಾಬಿನವರು ನನ್ನ ಜಾಗಕ್ಕೆ ತಾತ್ಕಾಲಿಕವಾಗಿ ಒಬ್ಬನನ್ನು ಹಾಕಿಕೊಂಡಿದ್ದಾರೆ. ತಾತ್ಕಾಲಿಕ ಎಂಬ ಪದ ನನಗೆ ಗೊತ್ತಿದೆ, ನಮ್ಮ ಮನೆಯ ಛಾವಣಿಯ ಶೀಟೂ ತಾತ್ಕಾಲಿಕವೇ. ಬೇಗ ಗಾಡಿ ಎದ್ದು ನಿಲ್ಲಬೇಕು. ಸುಟ್ಟ ವೈರುಗಳನ್ನು ಎಲೆಕ್ಟ್ರಿಷಿಯನ್ ಬದಲಿಸಿಕೊಟ್ಟ. ಇನ್ನು ಪ್ಲಾಸ್ಟಿಕ್ಕಿನ ಸಹವಾಸ ಸಾಕು, ಹಿತ್ತಾಳೆಯದೇ ಹಾಕುತ್ತೇನೆಂದು ಸ್ಪೇರ್ಸ್ ಅಂಗಡಿಯ ತಾತನಿಗೆ ಫೋನ್ ಮಾಡಿದೆ.

"ತಾತ, ಹೆಣ್ಣು ಚೆನ್ನಾಗೇ ಇದೆ. ಗಂಡು ಮಾತ್ರ ಬಿರುಕು ಬಿಟ್ಟಿದೆ."

"ಹಾಗಂತ ಒಂದನ್ನೇ ಬದಲಾಯಿಸ್ಬೇಡಮ್ಮ. ಹಿತ್ತಾಳೆ ಜೊತೆ ಪ್ಲಾಸ್ಟಿಕ್ ಸಂಸಾರ ಮಾಡಲ್ಲ. ಜೋಡಿನೇ ಹಾಕು."

"ಹಾಗಾದ್ರೆ ಹೆಣ್ಣನ್ನೂ ಬದಲಾಯಿಸೋಣ. ಆ ಗಂಡನ್ನ ನಂಬ್ಕೊಂಡು ಇಷ್ಟು ವರ್ಷ ಓಡಾಡಿದ್ದೇ ತಪ್ಪು ತಾತ. ಹೊರಗಿಂದ ನೋಡೋಕೆ ಚೆನ್ನಾಗಿರುತ್ತೆ, ಒಳಗೆಲ್ಲ ಹಾಳಾಗಿರುತ್ತೆ. ಹೊಸ ಹೆಣ್ಣು ಯಾವಾಗ ಬರುತ್ತೆ?"

"ಮುಂದಿನ ಗುರುವಾರ."

"ಗುರುವಾರಾನಾ? ಸರಿ. ಅಕ್ಕನಿಗೆ ಮಾತ್ರ ಹೇಳ್ಬೇಡಿ, ಸುಮ್ನೆ ಗಾಬರಿ ಆಗ್ತಾಳೆ."

ಮತ್ತೆ ಗಾಡಿ ಹತ್ತುತ್ತೇನೆಂದರೆ ಅಕ್ಕ ಗೋಳಾಡುತ್ತಾಳೆ, ಅದಕ್ಕೇ ಹಾಗೆ ಹೇಳಿದೆ. ತಿರುಗಿದರೆ ಒಗೆದ ಬಟ್ಟೆಯ ಬುಟ್ಟಿ ಹಿಡಿದುಕೊಂಡು ಅವಳೇ ಬಾಗಿಲಲ್ಲಿ ನಿಂತಿದ್ದಾಳೆ. ಕೇಳಿಸಿತೋ ಏನೋ. ಏನೂ ಹೇಳದೆ ಹೋದಳು. ಬುಟ್ಟಿ ಅಲ್ಲೇ ಬಿಟ್ಟು ಹೋಗಿದ್ದಳು.

ಮಾರ್ಚ್ ೧೫, ಶನಿವಾರ

ಮನೆಯಲ್ಲಿ ಯುದ್ಧ! ಬೆಳಿಗ್ಗೆ ನನ್ನ ಕೋಣೆಯವರೆಗೂ ಕೇಳಿಸುತ್ತಿತ್ತು.

"ಗುರುವಾರ ಯಾರ್ರೀ ಬರೋದು?"

"ಎಲ್ಲಿಗೆ?"

"ನಿಮ್ಮ ಹತ್ರಕ್ಕೆ. ಹೊಸದು."

"ಓ, ಅದಾ? ನಿನಗ್ಯಾರು ಹೇಳಿದ್ರು? ಹೊಸ ಫ್ರೇಮುಗಳು ಬರ್ತಾವೆ. ತೆಳ್ಳಗೆ, ಬಳುಕೋ ಅಂಥವು."

ಏನೋ ಒಡೆದ ಸದ್ದು. ಪಂಡಿತನ ತಲೆಯಲ್ಲ, ಲೋಟ. ಮೊದಲು ನನಗೂ ಅರ್ಥವಾಗಲಿಲ್ಲ. ಆಮೇಲೆ ಗುರುವಾರ, ಹೊಸ ಹೆಣ್ಣು, ಹಾಳಾದ ಗಂಡು, ಎಲ್ಲ ಒಂದೊಂದಾಗಿ ತಲೆಗೆ ಹೋಯಿತು. ಅಕ್ಕ ಫೋನಿನಲ್ಲಿ ನನ್ನ ಅರ್ಧ ಮಾತು ಕೇಳಿಸಿಕೊಂಡಿದ್ದಾಳೆ! ಗಂಡ ಯಾವಳನ್ನೋ ಕಟ್ಟಿಕೊಂಡಿದ್ದಾನೆ, ತಂಗಿಗೆ ಗೊತ್ತಿದ್ದೂ ಮುಚ್ಚಿಡುತ್ತಿದ್ದಾಳೆ ಅಂದುಕೊಂಡಿದ್ದಾಳೆ. ಹಿಂದೆ ಕೂತ್ಕೋಬೇಡ ಎಂದು ನಾನು ಆಣೆ ಬೇರೆ ಇಟ್ಟಿದ್ದೆ.

ದಿಂಬಿಗೆ ಬಾಯಿ ಒತ್ತಿ ನಕ್ಕೆ. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಹೇಗಿರುತ್ತದೆ ಎಂದು ಅವನೂ ನೋಡಲಿ. ನಾನು ಹೋಗಿ ಬಿಡಿಸಿ ಹೇಳುವುದಿಲ್ಲ. ಇನ್ನೂ ಸ್ವಲ್ಪ ದಿನ ಕುದಿಯಲಿ.

ಮಾರ್ಚ್ ೧೬, ಭಾನುವಾರ

ಪಂಡಿತನಿಗೆ ಹಜಾರದ ಬೆಂಚೇ ಗತಿ. ಒಳ್ಳೆಯ ದಿನ.

ಮಾರ್ಚ್ ೨೦, ಗುರುವಾರ

ತಾತ ಮಾತಿನಂತೆ ಜೋಡಿ ಕಳಿಸಿದ. ಅಂಗೈಯಲ್ಲಿಟ್ಟುಕೊಂಡರೆ ತೂಕವೇ ಧೈರ್ಯ ಕೊಡುತ್ತದೆ. ಹಳೆಯ ಪೈಪಿನ ತುದಿಯನ್ನು ನೇರವಾಗಿ ಕತ್ತರಿಸಿ, ಹಿತ್ತಾಳೆಯ ಬಾಲವನ್ನು ಪೈಪಿನೊಳಗೆ ತುರುಕಿ, ಮೇಲೆ ಕ್ಲಿಪ್ ಬಿಗಿದೆ. ಗಂಡಿನ ಮೂತಿಯ ರಬ್ಬರ್ ಉಂಗುರಕ್ಕೆ ಒಂದು ಹನಿ ಎಣ್ಣೆ ಸವರಬೇಕು, ಒಣಗಿದ್ದನ್ನು ಒತ್ತಿದರೆ ಉಂಗುರ ಸೀಳುತ್ತದೆ ಎಂದು ತಾತ ಒತ್ತಿ ಒತ್ತಿ ಹೇಳಿದ್ದ. ಸವರಿದೆ. ಒತ್ತಿದೆ. ಟಿಕ್. ಪ್ಲಾಸ್ಟಿಕ್ಕಿನದು ಹೀಗೆ ಒಮ್ಮೆಯೂ ಅಂದಿರಲಿಲ್ಲ. ಎಳೆದು ನೋಡಿದೆ, ಜಗ್ಗಲಿಲ್ಲ. ಕೀ ತಿರುಗಿಸಿ ಪಂಪು ಗುಂಯ್ ಅನ್ನುವಾಗ ಟಾರ್ಚ್ ಹಿಡಿದು ಕಾದೆ. ಒಂದು ತೊಟ್ಟಿಲ್ಲ.

ತಲೆ ಎತ್ತಿದರೆ ಪಂಡಿತ. ಗಡ್ಡ ಬಿಟ್ಟಿದ್ದಾನೆ, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದಾನೆ.

"ನಿಮ್ಮಕ್ಕ ನಿನ್ನ ಹತ್ರ ಏನಾದ್ರೂ ಹೇಳಿದ್ಲಾ? ಯಾವಳೋ ಅಂತಾಳೆ. ನನಗೆ ತಲೆನೇ ಓಡ್ತಿಲ್ಲ ಕಣಮ್ಮ."

"ನನಗೇನು ಗೊತ್ತು ಭಾವ?"

ಬಗ್ಗಿ ಹಿತ್ತಾಳೆಯ ಜೋಡಿ ನೋಡಿದ. "ಚೆನ್ನಾಗಿದೆ ಇದು. ನನ್ನ ಗಾಡಿಗೂ ಹಾಕಿಸ್ಬೇಕಾ?"

"ನಿಮ್ಮದು ನನ್ನದಕ್ಕಿಂತ ಹೊಸದಲ್ವಾ? ಏನೂ ಆಗಲ್ಲ ಬಿಡಿ."

ಮುಖದ ಒಂದು ಗೆರೆಯೂ ಅಲ್ಲಾಡದ ಹಾಗೆ ಹೇಳಿದೆ. ತಲೆಯಾಡಿಸಿ ಹೋದ. ಶೆಡ್ಡಿನ ನೆಲದ ಕಲೆ ಈಗ ತಟ್ಟೆಯಷ್ಟಾಗಿದೆ, ಅದನ್ನೇ ತುಳಿದುಕೊಂಡು ಹೋದ. ನನ್ನ ಧೈರ್ಯ ನನಗೇ ಇಷ್ಟವಾಯಿತು. ಊಟ ಮಾತ್ರ ಯಾಕೋ ಸೇರಲಿಲ್ಲ. ಮಾತ್ರೆಗಳ ಕಾಟ ಇರಬೇಕು.

ಮಾರ್ಚ್ ೨೨, ಶನಿವಾರ

ಆದದ್ದನ್ನು ಆದ ಹಾಗೆ ಬರೆದುಬಿಡುತ್ತೇನೆ.

ಬೆಳಿಗ್ಗೆ ಮತ್ತೆ ಜಗಳ. ಗೇಟು ಬಡಿದ ಸದ್ದು, ಬೈಕಿನ ಸದ್ದು. ಹೊರಗೆ ಬಂದರೆ ಪಂಡಿತ ಅಂಗಳದಲ್ಲಿ ಬರಿಗಾಲಲ್ಲಿ ನಿಂತಿದ್ದಾನೆ. ಹಾಗಾದರೆ ಗಾಡಿಯಲ್ಲಿ ಹೋದವರು ಯಾರು?

"ಅಮ್ಮನ ಮನೆಗೆ ಹೋಗ್ತೀನಿ ಅಂತ ಕೀ ಕಿತ್ಕೊಂಡು ಹೋದ್ಲು" ಅಂದ.

ಅಕ್ಕನಿಗೆ ಬೈಕ್ ಓಡಿಸಲು ಕಲಿಸಿದವಳು ನಾನೇ. ಶೆಡ್ಡಿನಿಂದ ಗೇಟಿನವರೆಗೆ ನೆಲದಲ್ಲಿ ಹಸಿ ಗೆರೆ. ಈಗ ಒಸರುತ್ತಿಲ್ಲ, ಸುರಿಯುತ್ತಿದೆ. ಬ್ಯಾಂಡೇಜಿನ ಕಾಲಿನಲ್ಲೇ ನನ್ನ ಗಾಡಿ ಹತ್ತಿದೆ. ಗೇರ್ ಹಾಕಿದ ಪ್ರತಿ ಸಲವೂ ಹೊಸ ಚರ್ಮ ಬಿಟ್ಟುಕೊಳ್ಳುತ್ತಿತ್ತು. ದಾರಿಯುದ್ದಕ್ಕೂ ದೇವರನ್ನು ಬೇಡಿದ್ದು ಒಂದೇ: ಅವಳು ಎಲ್ಲೂ ನಿಲ್ಲದಿರಲಿ. ಓಡುವಾಗ ಪೆಟ್ರೋಲು ಗಾಳಿಗೆ ಹಾರಿಹೋಗುತ್ತದೆ, ನಿಂತರೇ ಬಿಸಿ ಎಂಜಿನ್ನಿನ ಮೇಲೆ ಬೀಳುವುದು.

ರೈಲ್ವೆ ಗೇಟು ಹಾಕಿತ್ತು. ಅಕ್ಕ ಎಲ್ಲರ ಮುಂದೆ ನಿಂತಿದ್ದಳು, ಎಂಜಿನ್ ಆರಿಸದೆ, ಬ್ಯಾಗನ್ನು ಟ್ಯಾಂಕಿನ ಮೇಲೆ ಇಟ್ಟುಕೊಂಡು. ನನ್ನ ಗಾಡಿಯನ್ನು ಹಾಗೇ ಬೀಳಿಸಿ ಓಡಿದೆ.

"ಆಫ್ ಮಾಡು! ಇಳಿ! ಅಕ್ಕ, ಇಳಿ!"

"ಅವರು ಕಳಿಸಿದ್ರಾ ನಿನ್ನ?"

ನಾನೇ ಕೀ ತಿರುಗಿಸಿ, ಅವಳ ಸೊಂಟ ಹಿಡಿದು ಎಳೆದೆ. ಇಬ್ಬರೂ ಬಿದ್ದೆವು. ಎಂಜಿನ್ನಿನ ಮೇಲಿಂದ ಹಬೆ ಏಳುತ್ತಿತ್ತು, ಪೆಟ್ರೋಲಿನ ಹಬೆ. ಪಕ್ಕದಲ್ಲಿ ಸಿಗರೇಟ್ ಹಚ್ಚಿದ್ದವನಿಗೆ ಕಿರುಚಿ ಬೈದೆ. ಅವನು ಸಿಗರೇಟನ್ನು ಬಾಯಲ್ಲೇ ಇಟ್ಟುಕೊಂಡು ಓಡಿದ. ಎಲ್ಲರೂ ದೂರ ಸರಿದರು. ಕಾದೆವು. ಏನೂ ಆಗಲಿಲ್ಲ. ಕಾವು ಇಳಿದಮೇಲೆ ಟ್ಯಾಂಕಿನ ಅಡಿ ಕೈ ಹಾಕಿದರೆ ಪ್ಲಾಸ್ಟಿಕ್ಕಿನ ಚೂರು ಬೆರಳಿಗೇ ಬಂತು.

"ಏನೇ ಅದು?" ಅಕ್ಕನ ತುಟಿ ಬಿಳಚಿಕೊಂಡಿತ್ತು.

"ಇದೇ ಅಕ್ಕ, ಗಂಡು."

"ಯಾವ ಗಂಡು?"

"ಅವತ್ತು ಫೋನಲ್ಲಿ ಹೇಳ್ತಿದ್ದೆನಲ್ಲ, ಬಿರುಕು ಬಿಟ್ಟಿರೋ ಗಂಡು. ಪೈಪಿಂದು. ಹೊಸ ಹೆಣ್ಣೂ ಪೈಪಿಂದೇ. ಭಾವನ್ನ ಯಾವಳೂ ಕಟ್ಕೊಂಡಿಲ್ಲ. ಯಾರು ಕಟ್ಕೋತಾರೆ ಆ ಮುಖಾನ?"

ಅಕ್ಕ ಚೂರನ್ನು ನೋಡಿದಳು, ನನ್ನನ್ನು ನೋಡಿದಳು, ನಗಲು ಶುರುಮಾಡಿದಳು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ರೈಲು ಹೋಯಿತು, ಗೇಟು ತೆರೆಯಿತು, ಜನ ನಮ್ಮನ್ನು ನೋಡುತ್ತ ದಾಟಿದರು. ನಗುವಿನ ಮಧ್ಯೆ ನಾನು ಎಲ್ಲವನ್ನೂ ಹೇಳಿಬಿಟ್ಟೆ. ನೇರಳೆ ಅಂಟು, ಅವನ ಸುಳ್ಳು, ಎಲ್ಲ. ಅವಳ ಕಣ್ಣಲ್ಲಿ ನೀರು ಬಂತು, ನನ್ನ ಕಾಲನ್ನು ಮುಟ್ಟಿದಳು. ಗೆದ್ದೆ ಅಂದುಕೊಂಡೆ.

ಆಮೇಲೆ ಕೇಳಿದಳು. "ಇವರ ಗಾಡಿದೂ ಹಾಳಾಗಿದೆ ಅಂತ ನಿನಗೆ ಯಾವತ್ತು ಗೊತ್ತಾಯ್ತು?"

ನಾನು ಬಿದ್ದಿದ್ದ ನನ್ನ ಗಾಡಿ ಎತ್ತಲು ಹೋದೆ.

"ಅದಕ್ಕೇ ನನ್ನ ಇಳಿಸಿದ್ದಾ? ಬಸ್ಸು, ವಾಕಿಂಗು, ಆಣೆ, ಎಲ್ಲ ಅದಕ್ಕೇನಾ?"

"ನಿನಗೇನೂ ಆಗ್ಬಾರ್ದು ಅಂತ..."

"ಅವರು ಮಾಡಿದ್ದು ದಡ್ಡತನ, ಆಮೇಲೆ ಹೇಡಿತನ. ಒಪ್ತೀನಿ. ಆದ್ರೆ ಬೆಂಕಿ ಹತ್ತುತ್ತೆ ಅಂತ ಅವರಿಗೆ ಗೊತ್ತಿರ್ಲಿಲ್ಲ ಕಣೇ. ನಿನಗೆ ಗೊತ್ತಿತ್ತು."

ಎದ್ದು ಬಸ್ ಸ್ಟಾಪಿನ ಕಡೆ ನಡೆದಳು. ನನ್ನ ಗಾಡಿ ಹತ್ತಲಿಲ್ಲ.

ಮಾರ್ಚ್ ೨೩, ಭಾನುವಾರ

ಎಷ್ಟಾದರೂ ಗಂಡನ ಪರವೇ. ಸುಟ್ಟಿದ್ದು ನನ್ನ ಕಾಲು, ಸುಳ್ಳು ಹೇಳಿದವನು ಅವನು, ಕೊನೆಗೆ ಕೆಟ್ಟವಳು ನಾನು. ಗಾಯ ಮತ್ತೆ ಬಿಟ್ಟುಕೊಂಡಿದೆ. ನಿನ್ನೆ ಸಂಜೆಯೇ ಬಸ್ಸಿನಲ್ಲಿ ಮನೆಗೆ ವಾಪಸ್ಸಾಗಿದ್ದ ಅಕ್ಕ ಡ್ರೆಸಿಂಗ್ ಮಾಡಲು ಬಂದಳು. ಮಾಡಿದಳು. ಹತ್ತಿಯನ್ನು ಯಾವಾಗಲೂ ಊದಿ ಊದಿ ಇಡುತ್ತಿದ್ದವಳು, ಇವತ್ತು ಊದಲಿಲ್ಲ.

ಮಾರ್ಚ್ ೨೫, ಮಂಗಳವಾರ

ತಾತನಿಗೆ ಫೋನ್ ಮಾಡಿ ಇನ್ನೊಂದು ಜೋಡಿ ಹೇಳಿದೆ. ರೈಲ್ವೆ ಗೇಟಿನಿಂದ ಪಂಡಿತ ತಳ್ಳಿಕೊಂಡು ತಂದ ಆ ಗಾಡಿ ಶೆಡ್ಡಿನಲ್ಲಿ ಹಾಗೇ ನಿಂತಿದ್ದರೆ ವಾಸನೆ.

ಮಾರ್ಚ್ ೩೦, ಭಾನುವಾರ

ಭಾವನ ಗಾಡಿಗೆ ಹಾಕಿ ಮುಗಿಸಿದೆ. ಅವರ ಗಾಡಿಯ ಪೈಪು ನನ್ನದಕ್ಕಿಂತ ಗಟ್ಟಿಯಾಗಿತ್ತು, ಹಿತ್ತಾಳೆಯ ಬಾಲ ಒಳಗೆ ಹೋಗಲೇ ಇಲ್ಲ. ಬಿಸಿನೀರಿನಲ್ಲಿ ತುದಿ ಅದ್ದಿ ಮೆತ್ತಗೆ ಮಾಡಿದಮೇಲೆ ಹೋಯಿತು. ಭಾವ ಟಾರ್ಚ್ ಹಿಡಿದುಕೊಂಡು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಉಪನ್ಯಾಸ ಕೊಡಲಿಲ್ಲ, ಅವರ ಮಟ್ಟಿಗೆ ಅದೇ ದೊಡ್ಡದು. ಉಂಗುರಕ್ಕೆ ಎಣ್ಣೆ ಸವರುವಾಗ ಬೆಳಕು ಅಲ್ಲಾಡತೊಡಗಿತು.

"ಅಂಟು ಹಾಕಿದ್ದು ನಾನೇ ಕಣಮ್ಮ" ಅಂದರು. "ಮುರೀತು. ನಿನ್ನ ಹತ್ರ ಬೈಸ್ಕೋಬೇಕಲ್ಲ ಅಂತ ಅಂಟಿಸ್ಬಿಟ್ಟೆ. ಆಸ್ಪತ್ರೆಲಿ ಹೇಳೋಣ ಅಂತಲೇ ಬಂದೆ. ನಿನ್ನ ಕಾಲು ನೋಡಿದ್ಮೇಲೆ ಅದನ್ನ ಹೇಳೋಕೆ ಬಾಯಿ ಬರ್ಲಿಲ್ಲ, ಬೇರೆ ಏನೇನೋ ಬಂತು."

"ಟಾರ್ಚ್ ನೆಟ್ಟಗೆ ಹಿಡೀರಿ ಭಾವ" ಅಂದೆ. ಆ ಕತ್ತಲಲ್ಲಿ ಉಂಗುರ ಸರಿಯಾಗಿ ಕೂತಿದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಅವರ ಕೈ ನಿಲ್ಲಲಿಲ್ಲ, ಕೊನೆಗೆ ಅವರ ಮಣಿಕಟ್ಟು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಕೂಡಿಸಿದೆ. ಟಿಕ್ ಅಂದಿತು. ಬಿಚ್ಚಿ ಮತ್ತೊಮ್ಮೆ ಅವರ ಕೈಯಲ್ಲೇ ಮಾಡಿಸಿದೆ. ಗುಂಡಿ ಒತ್ತಿ ಬಿಡಿಸುವುದು, ಒತ್ತಿ ಕೂಡಿಸುವುದು. ಮೊದಲ ಸಲ ಗುಂಡಿ ಮರೆತರು, ಬೈದೆ.

ಗಾಡಿ ಹೊರಗೆ ತಂದು ಚಾಲೂ ಮಾಡಿದೆವು. ಎಂಜಿನ್ ಕಾಯುವವರೆಗೆ ಬಿಟ್ಟು ನೋಡಿದೆ, ಒಣಗಿತ್ತು. ಅಷ್ಟರಲ್ಲಿ ಅಕ್ಕ ಕೈಚೀಲ ಹಿಡಿದು ಬಂದಳು. ಇಬ್ಬರೂ ಮಾರ್ಕೆಟ್ಟಿಗೆ ಹೊರಟಿದ್ದರು. ಭಾವ ಹತ್ತಿ ಕೂತರು. ಅಕ್ಕ ಹಿಂದಿನ ಸೀಟಿನ ಮೇಲೆ ಕೈ ಇಟ್ಟವಳು ಹತ್ತದೆ ನನ್ನ ಕಡೆ ತಿರುಗಿದಳು. ಆ ರೈಲ್ವೆ ಗೇಟಿನ ದಿನದಿಂದ ನನ್ನ ಜೊತೆ ಆಡಿದ ಮೊದಲ ಮಾತು.

"ಹತ್ತಲಾ?"

ಹತ್ತು ಅನ್ನಬಹುದಿತ್ತು. ಆಗಲೇ ನೋಡಿದ್ದೆ, ಎಳೆದಿದ್ದೆ, ಮೂಸಿದ್ದೆ. ಆದರೂ ನೆಲಕ್ಕೆ ಮಂಡಿಯೂರಿ ಮತ್ತೆ ಟ್ಯಾಂಕಿನ ಅಡಿ ಕೈ ಹಾಕಿದೆ. ಕ್ಲಿಪ್ಪುಗಳ ಸುತ್ತ ಬೆರಳಾಡಿಸಿದೆ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದೆ. ಅಕ್ಕ ಕಾಯುತ್ತಲೇ ನಿಂತಿದ್ದಳು. ಭಾವನನ್ನು ಕೇಳಲಿಲ್ಲ, ಗಾಡಿಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ಹುಟ್ಟಿದಾಗಿನಿಂದ ನನ್ನ ಒಂದು ಮಾತಿಗಾಗಿ ಅವಳು ಹೀಗೆ ಕಾದು ನಿಂತವಳಲ್ಲ.

"ಹೇಳೇ. ಹತ್ತಲಾ?"

"ಹತ್ತಕ್ಕ" ಅಂದೆ. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ.

ಹತ್ತಿದಳು. ತಿರುವಿನಲ್ಲಿ ಗಾಡಿ ಮರೆಯಾದಮೇಲೂ ಸದ್ದು ಕೇಳಿಸುತ್ತಿತ್ತು. ಅದೂ ನಿಂತಮೇಲೆ ಗೇಟಿನ ಹತ್ತಿರವೇ ಕೂತುಕೊಂಡೆ. ಅವರು ತರಕಾರಿ ತೆಗೆದುಕೊಂಡು ವಾಪಸ್ಸು ಬರುವವರೆಗೂ ಒಳಗೆ ಹೋಗಲಿಲ್ಲ.